ಬಲಗಾಲಿನ ಅಳತೆ

ಮೊದಲೇ ಹೇಳಿಬಿಡುತ್ತೇನೆ, ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ. ಕೆಲವು ಸಿಟ್ಟುಗಳನ್ನು ಆರಲು ಬಿಡಬಾರದು, ಆರಿಬಿಟ್ಟರೆ ಜನ ಮತ್ತೆ ಅದನ್ನೇ ಮಾಡುತ್ತಾರೆ ಎನ್ನುವುದು ನನ್ನ ಅತ್ತೆಯ ಮಾತು. ಅವಳು ಹೇಳಿದ ಮೇಲೆ ಮುಗಿಯಿತು.

ಅತ್ತೆ ಎಂದರೆ ಅಪ್ಪನ ತಂಗಿ. ನಮ್ಮ ಬೀದಿಯವರಿಗೆ ಅವಳು ಟಕ್‌ಟಕ್ ಅಮ್ಮ. ಹಿಂದಿನ ಕೋಣೆಯಲ್ಲಿ ದಿನವಿಡೀ ಸುತ್ತಿಗೆ ಬಡಿಯುತ್ತಾಳಲ್ಲ, ಅದಕ್ಕೇ ಆ ಹೆಸರು ಎಂದು ಕೇಳಿದವರಿಗೆ ಹೇಳುತ್ತಾರೆ. ಹಸಿ ಸುಳ್ಳು. ಅವಳು ನಡೆಯುವಾಗ ಬರುವ ಸದ್ದಿಗೆ ಇಟ್ಟ ಹೆಸರು ಅದು. ಹುಟ್ಟಿದಾಗಿನಿಂದ ಅತ್ತೆಯ ಎಡಗಾಲು ಬಲಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ, ಪಾದವೂ ಚಿಕ್ಕದು. ಬೀದಿಗೆಲ್ಲ ಗೊತ್ತಿದ್ದ ಈ ಸಂಗತಿ ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಜ್ಜಿ ಹಾಕಿಕೊಟ್ಟ ಪದ್ಧತಿ ಅದು. ಆಡದೆ ಇದ್ದರೆ ಇಲ್ಲ ಎಂದು ಲೆಕ್ಕ. "ನಮ್ಮ ಹುಡುಗಿ ಸ್ವಲ್ಪ ನಿಧಾನಕ್ಕೆ ನಡೀತಾಳೆ, ಅಷ್ಟೆ" ಎಂದು ಅಜ್ಜಿ ಸಾಯುವ ತನಕ ಹೇಳಿದಳು. ಅತ್ತೆ ನಿಧಾನಕ್ಕೆ ನಡೆದದ್ದನ್ನು ನಾನಂತೂ ನೋಡಿಲ್ಲ. ಮದುವೆಯಾಗಲಿಲ್ಲ ಏಕೆ ಎಂದು ಯಾರಾದರೂ ಕೇಳಿದರೆ, "ಕಾಲಿಂದ ಅಲ್ಲ ಕಣ್ರೀ, ಬಾಯಿಂದ" ಎಂದು ತಾನೇ ಹೇಳಿ ನಗುತ್ತಿದ್ದಳು.

ಅಪ್ಪ ದೊಡ್ಡ ಬೀದಿಯ ಬೂಟಿನ ಅಂಗಡಿಯಲ್ಲಿ ನಲವತ್ತು ವರ್ಷ ಸೇಲ್ಸ್‌ಮನ್. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲ್, ಬಾಯಲ್ಲಿ ಸದಾ "ಬನ್ನಿ ಸ್ವಾಮಿ, ಕೂತ್ಕೊಳ್ಳಿ". ಗಿರಾಕಿ ಕಾಲಿಡಲು ಇಳಿಜಾರು ಹಲಗೆಯ ಒಂದು ಗಿಡ್ಡ ಸ್ಟೂಲು ಇರುತ್ತದಲ್ಲ, ಅದರ ಮೇಲೆ ಕುಳಿತೇ ಅವನ ಆಯಸ್ಸು ಕಳೆಯಿತು. ನಿವೃತ್ತನಾದಾಗ ಮಾಲೀಕ ಆ ಸ್ಟೂಲನ್ನೂ ಅಳತೆ ಹಲಗೆಯನ್ನೂ ಅವನಿಗೇ ಕೊಟ್ಟು ಕಳಿಸಿದ. ಅಂಗಡಿಯ ಕ್ರಮ ಒಂದೇ: ಬಲಗಾಲು ಕೇಳು, ಅಳೆ, ಒಳಗೆ ಹೋಗಿ ಜೋಡಿ ತಾ. ಎಡಗಾಲು ಅಳೆಯುತ್ತ ಕುಳಿತರೆ ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ. ಜೋಡಿಯ ವಿಷಯದಲ್ಲಿ ಅಪ್ಪನಿಗೆ ಒಂಥರಾ ಹುಚ್ಚು. ಮದುವೆ ಮನೆಯ ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಚಪ್ಪಲಿಗಳನ್ನು ಕಂಡರೂ ಅವನ ಕೈ ತುರಿಸುತ್ತಿತ್ತು. ಒಳಗೆ ಬರುವ ಮೊದಲು ಎಲ್ಲವನ್ನೂ ಜೋಡಿ ಮಾಡಿಟ್ಟೇ ಬರುತ್ತಿದ್ದ.

ವರ್ಷಕ್ಕೊಮ್ಮೆ ತಂಗಿಗೂ ಒಂದು ಹೊಸ ಜೋಡಿ ತರುತ್ತಿದ್ದ. ಬಲಗಾಲಿನ ಅಳತೆಯದು. ಪ್ರೀತಿಯಿಂದಲೇ ತರುತ್ತಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವನು ಅತ್ತ ಹೋದ ಕೂಡಲೇ ಅತ್ತೆ ಎಡಗಾಲಿನದನ್ನು ಬಿಚ್ಚಿ, ಒಳಗೆ ಹಳೆಯ ಚರ್ಮ ತುಂಬಿ, ಅಟ್ಟೆಗೆ ಮತ್ತೆರಡು ಅಟ್ಟೆ ಸೇರಿಸಿ ಹೊಲಿಯುತ್ತಿದ್ದಳು. ಅವಳ ಕಸುಬು ಶುರುವಾದದ್ದೇ ಹಾಗೆ. ತಿರುವಿನಲ್ಲಿ ಕೂರುತ್ತಿದ್ದ ಚಪ್ಪಲಿ ಹೊಲಿಯುವ ಅಜ್ಜನ ಪಕ್ಕ ಕುಳಿತು ರಂಪಿಗೆ ಹಿಡಿದು ಚರ್ಮ ಕುಯ್ಯುವುದನ್ನು ಕಲಿತಳು. ಬೂಟು ಮಾರಿದರೆ ಮರ್ಯಾದೆ, ಹೊಲಿದರೆ ಅಲ್ಲ ಎನ್ನುವುದು ಅಜ್ಜಿಯ ನ್ಯಾಯ. ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಅತ್ತೆ ಕೇಳಲಿಲ್ಲ. ಆಮೇಲೆ ಆಸ್ಪತ್ರೆಯೊಂದರಲ್ಲಿ ಸೊಟ್ಟ ಕಾಲಿನ ಮಕ್ಕಳಿಗೆ ಬೂಟು ಮಾಡುವ ವಿಭಾಗ ಸೇರಿದಳು, ಅಲ್ಲಿಂದ ನಿವೃತ್ತಳಾದ ಮೇಲೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅದೇ ಕೆಲಸ. ಅಪ್ಪ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಚರ್ಮದ ವಾಸನೆ ಆಗಿಬರುವುದಿಲ್ಲವಂತೆ. ನಲವತ್ತು ವರ್ಷ ಅವನು ಮಲ್ಲಿಗೆ ಮಾರುತ್ತಿದ್ದನೇನೋ!

ಆಗ ಬಂದರು ನಮ್ಮೂರಿನ ಸೇವಾ ಸಂಘದವರು. ಬೆಟ್ಟಸಾಲಿನ ಆಚೆ, ಊರೂರಿಗೆ ನಿಂತು ಹೋದರೆ ಹದಿನೈದು ದಿನ ಹಿಡಿಯುವ ದೂರದಲ್ಲಿ ಮಕ್ಕಳ ಆಸ್ಪತ್ರೆಯೊಂದಿದೆ. ಅಲ್ಲಿಗೆ ಮೂರು ವ್ಯಾನುಗಳಲ್ಲಿ ಔಷಧಿ, ಹಾಸಿಗೆ, ಗಾಲಿಕುರ್ಚಿ ಒಯ್ಯುವುದು, ದಾರಿಯಲ್ಲಿ ಸಿಕ್ಕ ಊರುಗಳಲ್ಲೆಲ್ಲ ನಿಂತು ಚಂದಾ ಎತ್ತುವುದು ಅವರ ಯೋಜನೆ. ಎಲ್ಲವನ್ನೂ ಒಂದು ಲಾರಿಗೆ ಹೇರಿದ್ದರೆ ಇನ್ನೂ ಬೇಗ ಮುಟ್ಟುತ್ತಿತ್ತು. ಆದರೆ ಲಾರಿಯಲ್ಲಿ ಅಧ್ಯಕ್ಷರ ಭಾವಮೈದ ಕ್ಯಾಮೆರಾ ಹಿಡಿದುಕೊಂಡು ಕೂರಲು ಜಾಗವಿರುವುದಿಲ್ಲವಲ್ಲ. ಇರಲಿ. ಅಲ್ಲಿನ ಮಕ್ಕಳಿಗೆ ಬೂಟು ಹೊಲಿದುಕೊಡಬೇಕೆಂದು ಅವರು ಅತ್ತೆಯನ್ನು ಕೇಳಿದರು. ಆ ಆಸ್ಪತ್ರೆಯ ನರ್ಸ್ ಒಬ್ಬಳು ನಲವತ್ತು ಮಕ್ಕಳ ಪಾದಗಳ ಅಚ್ಚು ತೆಗೆದು, ಒಣಹುಲ್ಲಿನಲ್ಲಿ ಸುತ್ತಿ ಅತ್ತೆಗೆ ಕಳಿಸಿದಳು. ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿದರೆ ಮಗುವಿನ ಪಾದವೇ ಕೈಗೆ ಬರುತ್ತದೆ. ಗೋಡೆಯ ಉದ್ದಕ್ಕೂ ಹಲಗೆಯ ಮೇಲೆ ಬಿಳಿ ಪಾದಗಳು ಎರಡೆರಡಾಗಿ ನಿಂತವು. ಒಂದು ನೆಟ್ಟಗೆ, ಇನ್ನೊಂದು ಒಳಕ್ಕೆ ಮಡಿಸಿಕೊಂಡು. ಒಂದು ಉದ್ದ, ಇನ್ನೊಂದು ಮುಷ್ಟಿಯಷ್ಟು. ಪ್ರತಿ ಪಾದದ ಮೇಲೂ ಅತ್ತೆ ಬೂಟು ಕಟ್ಟಿದಳು. ಒಂದರ ಅಟ್ಟೆ ತೆಳು, ಇನ್ನೊಂದರದು ಇಟ್ಟಿಗೆಯಷ್ಟು ದಪ್ಪ. ಎರಡನ್ನೂ ಒಂದೇ ಡಬ್ಬದಲ್ಲಿಟ್ಟು, ಪಾದದ ಅಡಿಯಲ್ಲಿದ್ದ ಮಗುವಿನ ಗುರುತನ್ನೇ ಡಬ್ಬದ ಮೇಲೂ ಬರೆದಳು.

"ಬೂಟಿನೊಳಗೂ ಒಂದು ನಂಬರ್ ಬರೀಬಾರ್ದಾ ಅತ್ತೆ?" ಎಂದು ನಾನು ಕೇಳಿದ್ದೆ.

"ಮಗು ಕಾಲಿಗೆ ನಂಬರ್ ಹಾಕೋಕೆ ಅದೇನು ಜೈಲಾ?" ಎಂದು ಗದರಿದಳು. ಆ ಹಟ ಅವಳದೇ, ಅದನ್ನೂ ಹೇಳಬೇಕು.

ಕೆಲಸ ಮುಗಿದು ತಿಂಗಳಾದರೂ ಸಂಘದವರು ಹೊರಡುವ ಸುದ್ದಿಯೇ ಇಲ್ಲ. ಅತ್ತೆ ಅವರ ಆಫೀಸಿಗೆ ಹೋಗಿ, "ಮಕ್ಕಳ ಕಾಲು ಬೆಳೀತಾ ಇರುತ್ತೆ ಕಣ್ರೀ, ನಿಮ್ಮ ಮೀಟಿಂಗ್ ಮುಗೀಲಿ ಅಂತ ಕಾಯಲ್ಲ" ಎಂದು ಬಿಸಿ ಮುಟ್ಟಿಸಿ ಬಂದಳು. ಬೆರಳಿನ ಮುಂದೆ ಸ್ವಲ್ಪ ಜಾಗ ಬಿಟ್ಟೇ ಹೊಲಿದಿದ್ದಳು, ಆದರೆ ಅದೆಷ್ಟು ದಿನಕ್ಕೆ? ಇವರ ಯಾತ್ರೆ ಇನ್ನೊಮ್ಮೆ ನಡೆಯುವ ಹೊತ್ತಿಗೆ ಆ ಮಕ್ಕಳು ಮೀಸೆ ಹೊತ್ತಿರುತ್ತಾರೆ. ಈ ಸಲ ಆ ಬೂಟುಗಳು ಆ ಕಾಲುಗಳಿಗೇ ಸೇರಬೇಕಿತ್ತು.

ಕೊನೆಗೆ ದಿನ ಗೊತ್ತಾಯಿತು. ಹೊರಡುವ ಹಿಂದಿನ ದಿನ ಎಲ್ಲರೂ ಸಾಮಾನು ಕಟ್ಟುತ್ತಾರೆ ಎಂದು ನೀವು ತಿಳಿದಿರಬಹುದು. ಇಲ್ಲ ಸ್ವಾಮಿ, ಊರು ನೋಡಲು ಹೊರಟರು! ಹೊರಗಿನಿಂದ ಬಂದ ದಾನಿಗಳಿಗೆ ಕೋಟೆ, ಕೆರೆ, ವಸ್ತುಸಂಗ್ರಹಾಲಯ ತೋರಿಸಬೇಕಂತೆ. ಬೂಟಿನ ಅಮ್ಮನೂ ಬಸ್ಸಿನಲ್ಲಿರಲೇಬೇಕೆಂದು ಅಧ್ಯಕ್ಷರ ಒತ್ತಾಯ. ಅತ್ತೆ ಕಡ್ಡಿ ಮುರಿದಂತೆ ಒಲ್ಲೆ ಎಂದಳು. ಒಪ್ಪಿಸಿದವನು ಅಪ್ಪ.

"ಹೋಗಿ ಬಾ ಮಾರಾಯ್ತಿ. ಹುಟ್ಟಿದಾಗಿಂದ ಈ ಊರಲ್ಲೇ ಇದ್ದೀಯ, ಕೋಟೆ ನೋಡಿಲ್ಲ. ಡಬ್ಬಕ್ಕೆ ದಾರ ಕಟ್ಟಿ ವ್ಯಾನಿಗೆ ಹಾಕಿಸೋದು ತಾನೆ? ಡಬ್ಬ ಕಟ್ಟೋದನ್ನ ನನಗೆ ಹೇಳ್ಕೊಡ್ಬೇಕಾ?"

ಅದು ಸರಿ ಎನ್ನಿಸಿತು. ಡಬ್ಬ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಡಬ್ಬಗಳನ್ನೆಲ್ಲ ಹಿಂದಿನ ಕೋಣೆಯಿಂದ ಜಗಲಿಗೆ ತಂದಿಟ್ಟೆವು. ಅಂಚೆ ಕಚೇರಿಗೆ ರಜೆ ಹಾಕಿ ನಾನೂ ಅತ್ತೆಯ ಜೊತೆ ಹೊರಟೆ.

ಕೋಟೆಯ ಮೆಟ್ಟಿಲು ನೋಡಿದ ಕೂಡಲೇ ನನಗೆ ಮೈ ಉರಿಯಿತು. ಕಾಲಿನ ತೊಂದರೆಯ ಮಕ್ಕಳಿಗಾಗಿ ಹೊರಟ ಜನ, ಕುಂಟುವ ಹೆಂಗಸನ್ನು ಗೌರವಿಸಲು ಕರೆದು ತಂದದ್ದು ಎಲ್ಲಿಗೆ? ಆಕಾಶಕ್ಕೇರುವ ಮೆಟ್ಟಿಲಿಗೆ. ಯಾರಿಗೂ ಅದು ಹೊಳೆದೇ ಇಲ್ಲ. ಎಲ್ಲರೂ ಉಸ್ಸಪ್ಪಾ ಎನ್ನುತ್ತ ಹತ್ತಿದರು. ಅತ್ತೆ ಕೆಳಗೆ ಬಸ್ಸಿನ ಚಾಲಕನ ಜೊತೆ ಕಲ್ಲಿನ ಮೇಲೆ ಕುಳಿತು ಅವನ ಬೂಟು ಯಾಕೆ ಒಂದೇ ಕಡೆ ಸವೆದಿದೆ ಎಂದು ವಿಚಾರಿಸಿದಳು. ಕೆರೆಯ ದಂಡೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವಾಗ ಭಾವಮೈದ ಕ್ಯಾಮೆರಾದ ಹಿಂದಿನಿಂದ ಕೂಗಿದ: "ಆ ಕೊನೇಲಿರೋ ಅಮ್ಮ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ! ಒಂದು ಕಡೆ ವಾಲ್ತಾ ಇದ್ದೀರ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೂಗಿ ಹೇಳಿದಳು, "ನಾನು ನೆಟ್ಟಗೇ ಇದ್ದೀನಪ್ಪ. ನಿನ್ನ ಕ್ಯಾಮೆರಾನ ಸ್ವಲ್ಪ ವಾಲಿಸ್ಕೋ."

ಆ ದಿನ ಅವಳಿಗೆ ನಿಜವಾಗಿ ಖುಷಿ ಕೊಟ್ಟದ್ದು ವಸ್ತುಸಂಗ್ರಹಾಲಯ ಒಂದೇ. ಗಾಜಿನ ಪೆಟ್ಟಿಗೆಯೊಂದರಲ್ಲಿ ಯಾವುದೋ ಕಾಲದ ರಾಣಿಯ ಜರಿಯ ಪಾದರಕ್ಷೆ ಇಟ್ಟಿದ್ದರು. ಉಳಿದವರು ಜರಿ ನೋಡಿ ಮುಂದೆ ಹೋದರು. ಅತ್ತೆ ಗಾಜಿಗೆ ಮೂಗು ತಾಗಿಸಿ ನಿಂತವಳು ಕದಲಲಿಲ್ಲ.

"ಬಾರೇ ಇಲ್ಲಿ. ಎಡಗಾಲಿಂದು ನೋಡು, ಹಿಮ್ಮಡಿ ಒಳಗೆ ಏನೋ ತುರುಕಿದಾರೆ. ಉಬ್ಬಿದೆ. ಬಲಗಾಲಿಂದು ಹೊರಗಡೆ ಸವೆದಿದೆ. ಈ ಯಮ್ಮಂಗೂ ನನ್ನ ಥರಾನೇ ಕಣೆ!"

ದಾರಿಯುದ್ದಕ್ಕೂ ರಾಣಿಯದೇ ಮಾತು. ರಾಣಿಯ ಪಾದರಕ್ಷೆ ಹೊಲಿದವನು ಯಾರಿರಬಹುದು, ಅರಮನೆಯಲ್ಲೂ ಯಾರೂ ಆಡುತ್ತಿರಲಿಲ್ಲವೋ ಏನೋ, ರಾಣಿಯ ಅಣ್ಣನೂ ನಿನ್ನಪ್ಪನ ಹಾಗೇ ಇದ್ದನೋ ಏನೋ. ಅಷ್ಟು ನಗುನಗುತ್ತ ಅವಳು ಮನೆಗೆ ಬಂದಳು.

ಅಪ್ಪ ಜಗಲಿಯ ಮೇಲೆಯೇ ಕಾಯುತ್ತಿದ್ದ. ಹಾಲು ಕುಡಿದಷ್ಟು ಸಂತೋಷ ಮುಖದಲ್ಲಿ.

"ಎಲ್ಲ ವ್ಯಾನಿಗೆ ಏರಿಸಿ ಕಳಿಸಿದೆ. ನಾನಿದ್ದದ್ದು ಒಳ್ಳೇದಾಯ್ತು ನೋಡು, ಇಲ್ದಿದ್ರೆ ನಿನ್ನ ಮಾನ ಹೋಗ್ತಿತ್ತು. ಪಾಪ, ಕಣ್ಣು ಮಂಜಾಗಿದೆ ನಿನಗೆ. ಒಂದು ಡಬ್ಬದಲ್ಲಿ ಆದ್ರೂ ಜೋಡಿ ಸರಿ ಇರ್ಬೇಕಲ್ಲ! ಒಂದು ಚಿಕ್ಕದು ಒಂದು ದೊಡ್ಡದು, ಒಂದು ದಪ್ಪ ಒಂದು ತೆಳು. ದಿನವೆಲ್ಲ ಕೂತು ಸರಿ ಮಾಡಿದೀನಿ. ದಪ್ಪ ಅಟ್ಟೆಗೆ ದಪ್ಪ ಅಟ್ಟೆ, ತೆಳುಗೆ ತೆಳು. ಜೋಡಿ ಸಿಗದೇ ಇರೋವು ಒಂದಷ್ಟು ಉಳೀತು, ಚೀಲದಲ್ಲಿ ಹಾಕಿಟ್ಟಿದೀನಿ. ಅವನ್ನ ಕಳಿಸ್ಬೇಡ, ಜನ ನಗ್ತಾರೆ."

ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ಹಾಗೇ ನಿಂತಳು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಲವತ್ತು ಮಕ್ಕಳ ಬೂಟು, ಒಬ್ಬರದು ಇನ್ನೊಬ್ಬರ ಡಬ್ಬದಲ್ಲಿ. ತಪ್ಪು ಎತ್ತರದ ಬೂಟು ಬರಿಗಾಲಿಗಿಂತ ಕೆಟ್ಟದ್ದು, ಹಾಕಿ ನಡೆದರೆ ಸೊಂಟವನ್ನೇ ತಿರುಚುತ್ತದೆ ಎಂದು ಅತ್ತೆ ನೂರು ಸಲ ಹೇಳಿದ್ದನ್ನು ನಾನು ಕೇಳಿದ್ದೆ.

ಅವಳು ಒಂದು ಕೈಯಲ್ಲಿ ಆ ಚೀಲ ಎತ್ತಿ, ಇನ್ನೊಂದರಲ್ಲಿ ಅಪ್ಪನ ತೋಳು ಹಿಡಿದು ದರದರ ಎಳೆದುಕೊಂಡು ಹಿಂದಿನ ಕೋಣೆಗೆ ಹೋದಳು. ಚೀಲಕ್ಕೆ ಕೈಹಾಕಿ ಸಿಕ್ಕಿದ ಒಂದು ಬೂಟನ್ನು ತೆಗೆದು, ಹಲಗೆಯ ಮೇಲಿದ್ದ ಒಂದು ಪುಟ್ಟ ಪಾದಕ್ಕೆ ಹಾಕಿದಳು. ಸರ್ರನೆ ಕೂತಿತು. ಅದರ ಪಕ್ಕದಲ್ಲೇ ಇನ್ನೊಂದು ಪಾದ, ಉದ್ದನೆಯದು, ಖಾಲಿ ನಿಂತಿತ್ತು.

"ಇದರ ಜೋಡಿ ಎಲ್ಲಿ? ಹೇಳು. ಎಲ್ಲಿ ಹಾಕ್ದೆ?"

"ಆದ್ರೆ ಅದು... ಎರಡೂ ಒಂದೇ ಸಮ ಇರ್ಬೇಕಲ್ವಾ..." ಅಪ್ಪ ತೊದಲಿದ. "ದಪ್ಪ ಅಟ್ಟೆ ಅಂದ್ರೆ ಎರಡಕ್ಕೂ ದಪ್ಪ ಅಂದ್ಕೊಂಡೆ. ಜೋಡಿ ಅಂದ್ರೆ ಜೋಡಿ ಅಲ್ವೇನೆ?"

"ಒಂದೇ ಸಮ ಇದ್ದಿದ್ರೆ ನಾನು ಯಾಕೆ ಹೊಲೀಬೇಕಿತ್ತು? ನಿನ್ನ ಅಂಗಡೀಲೇ ತಗೊಳ್ತಿದ್ರು!" ಅತ್ತೆ ಕೆಂಡಾಮಂಡಲವಾಗಿದ್ದಳು. "ಅಣ್ಣಾ, ಅರವತ್ತು ವರ್ಷ ಒಂದೇ ಮನೇಲಿದ್ದೀಯ. ವರ್ಷವರ್ಷ ಬೂಟು ತಂದುಕೊಟ್ಟಿದ್ದೀಯ. ಒಂದು ದಿನ ಆದ್ರೂ ನನ್ನ ಎಡಗಾಲು ನೋಡಿದ್ದೀಯಾ?"

ಅಪ್ಪ ತಲೆ ತಗ್ಗಿಸಿದ. ಕಣ್ಣು ಅವಳ ಕಾಲಿನ ಕಡೆಗೇ ಹೋಯಿತು. ಕಳೆದ ವರ್ಷ ಅವನೇ ತಂದ ಬೂಟು ಅದು. ಎಡಗಾಲಿನದರ ಅಟ್ಟೆಗೆ ಎರಡು ಅಟ್ಟೆ ಸೇರಿಸಿ ಹೊಲಿದದ್ದು ಕುರುಡನಿಗೂ ಕಾಣುವಂತಿತ್ತು.

ನಾನೂ ಅತ್ತೆಯೂ ಬಂದ ಕಾಲಲ್ಲೇ ಸಂಘದ ಆಫೀಸಿಗೆ ಹೋದೆವು. ಅಧ್ಯಕ್ಷರು ದಾನಿಗಳ ಜೊತೆ ಕಾಫಿ ಕುಡಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ಪೆಟ್ಟಿಗೆಗಳನ್ನು ಇಳಿಸಿಕೊಡಿ, ಸರಿ ಮಾಡಿ ಕೊಡುತ್ತೇವೆ ಎಂದೆವು. ಅವರು ಕಾಫಿ ಲೋಟ ಕೆಳಗಿಡಲೂ ಇಲ್ಲ.

"ಅಯ್ಯೋ, ಅವೆಲ್ಲ ತಳದಲ್ಲಿ ಹೋಗ್ಬಿಟ್ಟಿವೆಯಮ್ಮ. ಮೇಲೆ ಡೇರೆ, ಬ್ಯಾನರು, ದಾನಿಗಳು ಇವತ್ತು ಕೊಂಡ ಸಾಮಾನು. ಬೆಳಿಗ್ಗೆ ಎಂಟಕ್ಕೆ ಅತಿಥಿಗಳು ಬಂದು ಬಾವುಟ ತೋರಿಸ್ತಾರೆ. ಈಗ ಹೇಗೆ ಇಳಿಸೋದು? ಹೋಗ್ಲಿ ಬಿಡಿ, ಅಲ್ಲಿ ಅವರೇ ನೋಡ್ಕೋತಾರೆ. ಬರಿಗಾಲಿಗಿಂತ ಏನೋ ಒಂದು ಮೇಲಲ್ವಾ? ದಾನದ ಹಸುವಿನ ಹಲ್ಲು ಎಣಿಸ್ಬಾರದು ಅಂತ ಹಿರಿಯರೇ ಹೇಳಿದಾರೆ."

ಆ ಮಾತು ಕೇಳಿ ನನಗೆ ಆ ಲೋಟ ಕಿತ್ತು ಗೋಡೆಗೆ ಎಸೆಯಬೇಕೆನ್ನಿಸಿತು. ಬಡವರ ಮಕ್ಕಳಿಗೆ ಏನೋ ಒಂದು! ಇವರ ಮಗುವಿಗೆ ಇನ್ನೊಂದು ಮಗುವಿನ ಬೂಟು ತೊಡಿಸಿ, ಏನೋ ಒಂದು ಮೇಲಲ್ಲವೇ ಎಂದರೆ ಸುಮ್ಮನಿರುತ್ತಾರೆಯೇ? ಅತ್ತೆ ಕೂಗಾಡಲಿಲ್ಲ. ತನ್ನ ಕನ್ನಡಕ ತೆಗೆದು ಅವರ ಮುಂದೆ ಹಿಡಿದಳು.

"ನಿಮ್ಮ ಕನ್ನಡಕ ತೆಗೆದು ಇದನ್ನ ಹಾಕ್ಕೊಳ್ಳಿ. ಬರಿಗಣ್ಣಿಗಿಂತ ಏನೋ ಒಂದು ಮೇಲಲ್ವಾ? ಹದಿನೈದು ದಿನ ಇದನ್ನೇ ಹಾಕ್ಕೊಂಡು ವ್ಯಾನ್ ಓಡಿಸಿ." ದಾನಿಗಳು ಕಾಫಿ ನುಂಗಲೋ ಬೇಡವೋ ಎನ್ನುವಂತೆ ನೋಡುತ್ತಿದ್ದರು. "ಹಲ್ಲು ಎಣಿಸ್ಬಾರದು ಅಂದಿದ್ದು ತಗೊಳ್ಳೋರಿಗೆ ಸ್ವಾಮಿ. ಕೊಡೋರು ಎಣಿಸ್ಲೇಬೇಕು."

ಅಧ್ಯಕ್ಷರು ನೋಡೋಣ ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನೋಡುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು. ಮನೆಗೆ ಬಂದ ಅತ್ತೆ ಊಟ ಮಾಡಲಿಲ್ಲ. ಬೆಳಿಗ್ಗೆ ವ್ಯಾನಿನ ಚಕ್ರದ ಮುಂದೆ ಮಲಗುತ್ತೇನೆ, ಹೇಗೆ ಹೋಗುತ್ತಾರೋ ನೋಡುತ್ತೇನೆ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಎದ್ದರೆ ಅಪ್ಪ ಮನೆಯಲ್ಲಿಲ್ಲ. ಹಿಂದಿನ ಕೋಣೆಯ ಹಲಗೆಯ ಮೇಲೆ ಒಂದು ಪಾದವೂ ಇಲ್ಲ. ಸ್ಟೂಲೂ, ಉಳಿದ ಬೂಟುಗಳ ಚೀಲವೂ ಕಾಣಲಿಲ್ಲ. "ಏನು ಮಾಡ್ದಪ್ಪ ಇವನು ಇನ್ನೂ!" ಎನ್ನುತ್ತ ಅತ್ತೆ ಮುಂದೆ, ನಾನು ಹಿಂದೆ ಓಡಿದೆವು.

ಸಂಘದ ಅಂಗಳದಲ್ಲಿ ಮೂರನೆಯ ವ್ಯಾನಿನ ಬಾಗಿಲು ಹಾರು ಹೊಡೆದಿತ್ತು. ಡೇರೆ, ಬ್ಯಾನರು, ದಾನಿಗಳ ಸಾಮಾನು ಎಲ್ಲ ಗೋಡೆಯ ಪಕ್ಕ ರಾಶಿ ಬಿದ್ದಿತ್ತು. ಹಿಂದಿನ ದಿನ ಅತ್ತೆಯ ಜೊತೆ ಕಲ್ಲಿನ ಮೇಲೆ ಕುಳಿತಿದ್ದ ಬಸ್ಸಿನ ಚಾಲಕನೂ ಕಾವಲುಗಾರನೂ ಪೆಟ್ಟಿಗೆ ಇಳಿಸುತ್ತಿದ್ದರು. ಟಾರ್ಪಾಲಿನ ಮೇಲೆ ಬಿಳಿ ಪಾದಗಳು ಎರಡೆರಡಾಗಿ ಸಾಲು ನಿಂತಿದ್ದವು, ತಳ್ಳುಗಾಡಿಯಲ್ಲಿ ತಂದನಂತೆ. ಅವುಗಳ ಮುಂದೆ ಇಸ್ತ್ರಿ ಅಂಗಿ ತೊಟ್ಟು, ತನ್ನ ಗಿಡ್ಡ ಸ್ಟೂಲಿನ ಮೇಲೆ ಅಪ್ಪ ಕುಳಿತಿದ್ದ. ಒಂದೊಂದು ಬೂಟನ್ನೂ ಒಂದೊಂದು ಪಾದಕ್ಕೆ ತೊಡಿಸಿ, ಹೆಬ್ಬೆರಳಿನಿಂದ ತುದಿ ಒತ್ತಿ ನೋಡುತ್ತಿದ್ದ, ಅಂಗಡಿಯಲ್ಲಿ ಗಿರಾಕಿಗೆ ನೋಡುತ್ತಿದ್ದ ಹಾಗೆಯೇ. ಮೊದಲು ಎಡಗಾಲು, ಆಮೇಲೆ ಬಲಗಾಲು.

ಅತ್ತೆ ಟಾರ್ಪಾಲಿನ ಇನ್ನೊಂದು ತುದಿಯಲ್ಲಿ ಕುಳಿತಳು. ಅವನು ತೊಡಿಸಿದ್ದರಲ್ಲಿ ಎರಡು ಮೂರನ್ನು ಬಿಚ್ಚಿ ಬದಲಾಯಿಸಿದಳು. ನಾನು ಡಬ್ಬದ ಮೇಲಿನ ಗುರುತು ಓದಿ ಹೇಳಿದೆ.

ಎಂಟಕ್ಕೆ ಅಧ್ಯಕ್ಷರು ಹಾರ, ಬಾವುಟ, ಅತಿಥಿಗಳ ಸಮೇತ ಬಂದರು. ಅರ್ಧ ಕೆಲಸವೂ ಆಗಿರಲಿಲ್ಲ.

"ಏನ್ರೀ ಇದು? ಯಾರನ್ನ ಕೇಳಿ ಇಳಿಸಿದ್ರಿ? ಹೊತ್ತಾಯ್ತು!"

ಜೀವಮಾನವಿಡೀ ಗಿರಾಕಿಯ ಮುಂದೆ ತಲೆ ಎತ್ತದ ನನ್ನಪ್ಪ ಆಗಲೂ ಎತ್ತಲಿಲ್ಲ. ಕೈಯಲ್ಲಿದ್ದ ಪುಟ್ಟ ಪಾದಕ್ಕೆ ದಾರ ಬಿಗಿಯುತ್ತ ಹೇಳಿದ, "ಕಾಲಿಗೆ ಹಾಕಿ ನೋಡದೆ ನಾನು ಯಾವತ್ತೂ ಡಬ್ಬ ಮುಚ್ಚಿದವನಲ್ಲ ಸ್ವಾಮಿ. ನಿನ್ನೆ ಒಂದು ದಿನ ಮುಚ್ಚಿದೆ, ತಪ್ಪಾಯ್ತು. ಕೂತ್ಕೊಳ್ಳಿ, ಇನ್ನೂ ಗಿರಾಕಿಗಳಿದ್ದಾರೆ."

ಅಧ್ಯಕ್ಷರು ಕೂರಲಿಲ್ಲ, ಗಡಿಯಾರ ನೋಡುತ್ತ ಅತ್ತಿಂದಿತ್ತ ತಿರುಗಿದರು. ಭಾವಮೈದ ಇದನ್ನೂ ಫೋಟೊ ತೆಗೆದ. ಅತಿಥಿಗಳು ಬಾವುಟ ಬೀಸುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಭಾಷಣದಲ್ಲಿ ಅಧ್ಯಕ್ಷರು ತಡಕ್ಕೆ ಕಾರಣ "ತಾಂತ್ರಿಕ ತೊಂದರೆ" ಎಂದರು. ಬೂಟಿನ ಬಗ್ಗೆ, ಅತ್ತೆಯ ಬಗ್ಗೆ ಒಂದಕ್ಷರ ಇಲ್ಲ. ಅದಕ್ಕೇ ಹೇಳಿದ್ದು, ನನ್ನ ಸಿಟ್ಟು ಇಳಿದಿಲ್ಲವೆಂದು.

ವ್ಯಾನುಗಳು ಗೇಟು ದಾಟಿದವು. ಜನ ಚದುರಿದರು. ನಾನು ಪಾದಗಳನ್ನು ಹುಲ್ಲಿನಲ್ಲಿ ಸುತ್ತಿ ತಳ್ಳುಗಾಡಿಗೆ ಇಡುತ್ತಿದ್ದೆ. ಅಪ್ಪ ಸ್ಟೂಲಿನಿಂದ ಏಳಲಿಲ್ಲ. ಚೀಲದಿಂದ ಅಳತೆ ಹಲಗೆಯನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

"ಬಾ, ಕೂತ್ಕೋ. ಕಾಲು ಕೊಡು," ಎಂದ ತಂಗಿಗೆ.

"ಈಗ ನೆನಪಾಯ್ತಾ? ನನ್ನ ಕಾಲು ಬೆಳೆಯೋದು ನಿಂತು ಎಷ್ಟು ವರ್ಷ ಆಯ್ತು ಗೊತ್ತಾ ನಿನಗೆ? ಊರಿನ ಮಕ್ಕಳ ಕಾಲೆಲ್ಲ ಮುಗಿದ್ಮೇಲೆ ನನ್ನ ಪಾಳಿನಾ?" ಬೈಯುತ್ತಲೇ ಅತ್ತೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತಳು. ಬೂಟು ಕಳಚಿ, ರೂಢಿಯಂತೆ ಬಲಗಾಲನ್ನು ಹಲಗೆಯ ಮೇಲಿಟ್ಟಳು.

"ಅದಲ್ಲ," ಎಂದ ಅಪ್ಪ.